ಮುಂಬಯಿಯ ನಮ್ಮ ಗಂಡಸರನ್ನು ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಒಪ್ಪಿಸುವ ಬಗೆ

ಐವತ್ತರ ಆಸುಪಾಸಿನ ಗಂಡಸರಿಗೆ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ ಎಂದು ನೇರವಾಗಿ ಹೇಳಿದರೆ ಅವರು ಹೋಗುವುದಿಲ್ಲ ಎಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಲಿತೆ. ನನ್ನ ದೊಡ್ಡಪ್ಪ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಮಲದಲ್ಲಿ ರಕ್ತ ಕಾಣಿಸಿಕೊಂಡಾಗ, ಕೂತು ಕೂತು ಮೂಲವ್ಯಾಧಿಯಾಗಿದೆ, ಮೈಗೆ ಉಷ್ಣ ಏರಿದೆ ಎಂದು ತಾವೇ ತೀರ್ಮಾನಿಸಿ, ಮಜ್ಜಿಗೆ ಮತ್ತು ಪುನರ್ಪುಳಿ ಶರಬತ್ತು ಕುಡಿಯುತ್ತ ಒಂದೂವರೆ ವರ್ಷ ದೂಡಿದರು. ಲೋಕಲ್ ರೈಲಿನ ಡಬ್ಬಿಯೊಳಗೆ ಅಂಟಿಸಿರುವ ಬವಾಸೀರ್ (ಮೂಲವ್ಯಾಧಿ) ಚಿಕಿತ್ಸೆಯ ಚೀಟಿಯನ್ನು ನೋಡಿ, ಆ ವಿಳಾಸಕ್ಕೂ ಒಮ್ಮೆ ಹೋಗಿಬಂದರು. ಗುದನಾಳದಲ್ಲಿ ಗಡ್ಡೆಯಿದೆ ಎಂದು ಗೊತ್ತಾಗುವ ಹೊತ್ತಿಗೆ ರೋಗವು ಪಕ್ಕದ ದುಗ್ಧರಸ ಗ್ರಂಥಿಗಳಿಗೆ ಹರಡಿತ್ತು. ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಕಟ್ಟಿಕೊಂಡು ಅವರು ಈಗಲೂ ಇದ್ದಾರೆ. ಗಲ್ಲಾಕ್ಕೆ ಮಾತ್ರ ಮರಳಲಿಲ್ಲ.

ಆಗ ಅವರಿಗೆ 64 ವರ್ಷ, ಅವರ ತಮ್ಮನಾದ ನನ್ನ ತಂದೆಗೆ 61. ಅಪ್ಪನನ್ನು ತಪಾಸಣೆಗೆ ಒಪ್ಪಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಅದರಲ್ಲಿ ಹದಿಮೂರು ತಿಂಗಳು ನಾನು ತಪ್ಪು ದಾರಿಯಲ್ಲಿಯೇ ಇದ್ದೆ. ಹೆದರಿಸಿದರೆ ಬರುತ್ತಾರೆ ಎಂದುಕೊಂಡಿದ್ದೆ. ಆದರೆ ಮುಂಬಯಿ ಕನ್ನಡಿಗರಾದ ನಮ್ಮ ಗಂಡಸರನ್ನು ತಡೆಯುವುದು ತಿಳಿವಳಿಕೆಯ ಕೊರತೆಯೊಂದೇ ಅಲ್ಲ. ಶೌಚಾಲಯ, ರಜೆ, ಜೊತೆಗಾರ, ನಾಚಿಕೆ ಮುಂತಾಗಿ ಅವರು ಬಾಯಿಬಿಟ್ಟು ಹೇಳದ ಸಣ್ಣ ಸಣ್ಣ ಅಡ್ಡಿಗಳೇ ಹೆಚ್ಚು ತಡೆಯುತ್ತವೆ. ಅವುಗಳನ್ನು ನಾವೇ ಮೊದಲು ನಿವಾರಿಸಿ, ಕೆಲಸವನ್ನು ಚಿಕ್ಕದಾಗಿ ಮಾಡಿ ಮುಂದಿಟ್ಟರೆ ಬಹುತೇಕರು ಒಪ್ಪುತ್ತಾರೆ. ಮುಂದೆ ಬರೆದಿರುವುದು ಅಪ್ಪನ ವಿಷಯದಲ್ಲಿ ಕಲಿತದ್ದು, ಆಮೇಲೆ ನಮ್ಮ ಬಳಗದ ಏಳೆಂಟು ಮಂದಿಯ ಮೇಲೆ ಒರೆಗೆ ಹಚ್ಚಿ ನೋಡಿದ್ದು.

ಮಾತನಾಡುವ ಮೊದಲು ನಿಮಗೆ ಗೊತ್ತಿರಬೇಕಾದದ್ದು

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಹುಮಟ್ಟಿಗೆ ಕರುಳಿನ ಒಳಪದರದಲ್ಲಿ ಮೊಳೆಯುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಆಗುವಂಥದ್ದು ಆ ಹಂತಕ್ಕೆ ತಲುಪಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಈ ದೀರ್ಘ ಅವಧಿಯೇ ತಪಾಸಣೆಗೆ ಸಿಗುವ ಅವಕಾಶ. ಹೆಚ್ಚಿನ ಕ್ಯಾನ್ಸರ್ ತಪಾಸಣೆಗಳು ರೋಗವನ್ನು ಬೇಗ ಕಂಡುಹಿಡಿಯುತ್ತವೆ ಅಷ್ಟೆ. ಇಲ್ಲಿ ಪಾಲಿಪನ್ನು ಕಂಡಾಗಲೇ ಕತ್ತರಿಸಿ ತೆಗೆದರೆ ರೋಗವೇ ಬಾರದಂತೆ ತಡೆಯಬಹುದು. ಅಮೆರಿಕದ ಮಿನೆಸೊಟಾದಲ್ಲಿ 50ರಿಂದ 80 ವರ್ಷದೊಳಗಿನ 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿವರ್ಷ ಮಲದಲ್ಲಿನ ಗುಪ್ತ ರಕ್ತವನ್ನು ಪರೀಕ್ಷಿಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮೂರನೆಯ ಒಂದರಷ್ಟು ಇಳಿದಿತ್ತು.

ಜಗತ್ತಿನಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಬರುತ್ತದೆ, ಭಾರತದಲ್ಲಿ ಸುಮಾರು 70 ಸಾವಿರ ಜನರಿಗೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಭಾರತದ ಸಂಖ್ಯೆ ಪಾಶ್ಚಾತ್ಯ ದೇಶಗಳಿಗಿಂತ ಹಲವು ಪಟ್ಟು ಕಡಿಮೆ ಎಂಬುದನ್ನು ಮುಚ್ಚಿಡಬಾರದು. ಮುಚ್ಚಿಟ್ಟು ಹೆದರಿಸಿದರೆ, ಅದನ್ನು ಬೇರೆಲ್ಲೋ ಓದಿದ ದಿನ ಅವರು ನಿಮ್ಮ ಮಾತನ್ನೆಲ್ಲ ತಳ್ಳಿಹಾಕುತ್ತಾರೆ. ಆದರೆ ನಮ್ಮಲ್ಲಿ ರೋಗಿಗಳು ಚಿಕ್ಕ ವಯಸ್ಸಿನವರಾಗಿರುವುದು, ಮುಂದುವರಿದ ಹಂತದಲ್ಲಿ ಆಸ್ಪತ್ರೆಗೆ ಬರುವುದು ಹೆಚ್ಚು. ಪ್ರಮಾಣ ಕಡಿಮೆಯಿರುವುದರಿಂದಲೇ ಏನೋ, ಸರ್ಕಾರದ ಕಾರ್ಯಕ್ರಮದಲ್ಲಿ ಇದಕ್ಕೆ ಜಾಗವಿಲ್ಲ. ಕೇಂದ್ರವು 2016ರಲ್ಲಿ ರೂಪಿಸಿದ ಕ್ಯಾನ್ಸರ್ ತಪಾಸಣೆಯ ಮಾರ್ಗಸೂಚಿಯಲ್ಲಿ ಇರುವುದು ಬಾಯಿ, ಸ್ತನ ಮತ್ತು ಗರ್ಭಕಂಠ ಮಾತ್ರ. ಅಂದರೆ ಗಂಡಸಿನ ಪಾಲಿಗೆ ಮುಖ್ಯವಾಗಿ ಬಾಯಿಯೊಂದೇ. ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಮಲದ ಮಾದರಿ ತುಂಬಿ ಕೊಡುವ ಪರೀಕ್ಷೆಯ ಡಬ್ಬಿ ಅಂಚೆಯಲ್ಲಿ ಮನೆಗೇ ಬರುತ್ತದೆ, ಜಪಾನಿನಲ್ಲಿ 1992ರಿಂದ 40 ದಾಟಿದವರಿಗೆ ವಾರ್ಷಿಕ ತಪಾಸಣೆಯಿದೆ. ನಾವಿರುವ ಡೊಂಬಿವಲಿಯ ಮನೆಗೆ ಅಂಥ ಅಂಚೆ ಬರುವುದಿಲ್ಲವಾದ್ದರಿಂದ ಅಂಚೆಯವನ ಕೆಲಸವನ್ನು ಮನೆಯವರೇ ಮಾಡಬೇಕು.

ಯಾರಿಗೆ, ಯಾವಾಗ

ಯಾವ ತೊಂದರೆಯೂ ಇಲ್ಲದ, ಕುಟುಂಬದಲ್ಲಿ ಯಾರಿಗೂ ಈ ರೋಗ ಬಂದಿಲ್ಲದ ಗಂಡಸಿಗೆ ಅಮೆರಿಕದ ಮಾರ್ಗಸೂಚಿಗಳು 45ನೆಯ ವಯಸ್ಸಿನಿಂದ ತಪಾಸಣೆ ಆರಂಭಿಸಬೇಕೆನ್ನುತ್ತವೆ. ಮೊದಲು ಇದು 50 ಇತ್ತು, 2021ರಲ್ಲಿ ಅಲ್ಲಿನ ರಾಷ್ಟ್ರೀಯ ತಜ್ಞಮಂಡಳಿಯೂ ಇಳಿಸಿತು. 75 ದಾಟಿದವರ ವಿಷಯ ಬೇರೆ. ಅವರ ಒಟ್ಟು ಆರೋಗ್ಯವನ್ನು ನೋಡಿ ವೈದ್ಯರೇ ಹೇಳಬೇಕು.

ಕುಟುಂಬದ ಇತಿಹಾಸವಿದ್ದರೆ ಲೆಕ್ಕ ಬದಲಾಗುತ್ತದೆ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ 40ನೆಯ ವಯಸ್ಸಿಗೆ, ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ನೇರವಾಗಿ ಕೊಲೊನೊಸ್ಕೋಪಿಯಿಂದಲೇ (ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಆರಂಭಿಸಿ, ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಇಬ್ಬರಿಗೆ ಬಂದಿದ್ದರೆ ವಯಸ್ಸು ಎಷ್ಟೇ ಆಗಿರಲಿ, ಇದೇ ನಿಯಮ. ಒಬ್ಬರಿಗೆ ಮಾತ್ರ, ಅದೂ 60ರ ನಂತರ ಬಂದಿದ್ದರೆ 40ಕ್ಕೆ ಆರಂಭಿಸಿದರೆ ಸಾಕು, ಮಲಪರೀಕ್ಷೆಯೂ ನಡೆಯುತ್ತದೆ. ನನ್ನ ಅಪ್ಪ ಈ ಗುಂಪಿಗೆ ಸೇರಿದವರು. ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ ಇರುವವರು, ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಅನುವಂಶಿಕವಾದ ಲಿಂಚ್ ಸಿಂಡ್ರೋಮ್ ಇರುವ ಕುಟುಂಬದವರು ಇನ್ನೂ ಬೇಗ, ತಜ್ಞರ ನಿಗಾದಲ್ಲಿಯೇ ಇರಬೇಕು.

ಇಲ್ಲಿ ನಮ್ಮವರಿಗೆ ವಿಶೇಷವಾದ ಒಂದು ತೊಡಕಿದೆ. ಕುಟುಂಬದ ಅರ್ಧ ಭಾಗ ಊರಿನಲ್ಲಿ, ಇನ್ನರ್ಧ ಮುಂಬಯಿಯಲ್ಲಿ ಇರುವುದರಿಂದ ಅಜ್ಜ ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹೊಟ್ಟೆನೋವಿನಲ್ಲಿ ಹೋದರು, ಊಟ ಸೇರದೆ ಸೊರಗಿ ಹೋದರು ಎನ್ನುವುದೇ ಇತಿಹಾಸ. ಮೇ ತಿಂಗಳಲ್ಲಿ ಊರಿಗೆ ಹೋದಾಗ, ನೇಮಕ್ಕೋ ಮದುವೆಗೋ ಎಲ್ಲರೂ ಸೇರಿದಾಗ, ಹಿರಿಯ ಹೆಂಗಸರ ಬಳಿ ಕುಳಿತು ಕೇಳಿ. ಗಂಡಸರಿಗಿಂತ ಅವರಿಗೆ ನೆನಪು ಚೆನ್ನಾಗಿರುತ್ತದೆ, ಶುಶ್ರೂಷೆ ಮಾಡಿದವರು ಅವರೇ. ಯಾರಿಗೆ, ಯಾವ ವಯಸ್ಸಿನಲ್ಲಿ ಎಂಬ ಎರಡು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಯಾರಿಗಾದರೂ ದೊಡ್ಡ ಪಾಲಿಪ್ ತೆಗೆದಿದ್ದರೆ ಅದನ್ನೂ ಬರೆಯಿರಿ, ಅದೂ ಕುಟುಂಬದ ಇತಿಹಾಸವೇ.

ಮೇಲಿನದೆಲ್ಲವೂ ತೊಂದರೆಯಿಲ್ಲದವರಿಗೆ ಅನ್ವಯಿಸುವ ಮಾತು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಹೋಗಿಬಂದರೂ ಇನ್ನೂ ಉಳಿದಿದೆ ಎನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸಿನಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ತಪಾಸಣೆಯ ಡಬ್ಬಿಯನ್ನು ಹುಡುಕುತ್ತ ಕೂರದೆ ವೈದ್ಯರ ಬಳಿಗೇ ಹೋಗಬೇಕು. ಮೂಲವ್ಯಾಧಿ ಇದೆ ಎಂದಾಕ್ಷಣ ಒಳಗೆ ಬೇರೇನೂ ಇಲ್ಲ ಎಂದಾಗುವುದಿಲ್ಲ. ಎರಡೂ ಒಟ್ಟಿಗೇ ಇರಬಹುದು. ದೊಡ್ಡಪ್ಪನಿಗೆ ಎರಡೂ ಇದ್ದವು.

ಮಾತು ಎತ್ತುವುದು

ಮೊದಲು ನನ್ನ ತಪ್ಪುಗಳನ್ನು ಹೇಳುತ್ತೇನೆ. ಅಣ್ಣನಿಗೆ ಆದದ್ದು ನಿಮಗೂ ಆಗುತ್ತದೆ ಎಂದೆ. ಅಪ್ಪ ಎದ್ದು ಬಾಲ್ಕನಿಗೆ ಹೋದರು. ವಾಟ್ಸಾಪಿನಲ್ಲಿ ಲೇಖನಗಳನ್ನು ಕಳುಹಿಸಿದೆ. ಓದದೆಯೇ ಕೈಮುಗಿದ ಚಿತ್ರವನ್ನು ತಿರುಗಿ ಕಳುಹಿಸಿದರು. ಅಮ್ಮನ ಕೈಯಲ್ಲಿ ಹೇಳಿಸಿದೆ. ಅದು ಔಷಧಿ ನುಂಗಿದಿರಾ, ಸ್ವೆಟರ್ ಹಾಕಿಕೊಂಡಿರಾ ಎಂಬ ದಿನನಿತ್ಯದ ಮಾತುಗಳ ಸಾಲಿಗೆ ಸೇರಿ ಕಳೆದುಹೋಯಿತು. ದೊಡ್ಡಪ್ಪನ ಉದಾಹರಣೆ ಅಪ್ಪನಲ್ಲಿ ಎಚ್ಚರಿಕೆಯನ್ನಲ್ಲ, ದಿಗಿಲನ್ನು ಹುಟ್ಟಿಸಿತ್ತು. ದಿಗಿಲುಬಿದ್ದ ಗಂಡಸು ತನಗೇನೂ ಆಗಿಲ್ಲ ಎಂದು ಸಾಧಿಸುತ್ತಾನೆ.

ಕೆಲಸ ಮಾಡಿದ್ದು ಅಪ್ಪನ ರೈಲಿನ ಗೆಳೆಯರು. ಅಪ್ಪ ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ಫೋರ್ಟಿನ ಬ್ಯಾಂಕಿಗೆ ಒಂದೇ ಲೋಕಲಿನಲ್ಲಿ, ಒಂದೇ ಡಬ್ಬಿಯಲ್ಲಿ ಹೋಗಿಬಂದವರು. ಆ ಗುಂಪಿನವರು ನಿವೃತ್ತರಾದ ಮೇಲೂ ಸಂಜೆ ಉದ್ಯಾನದ ಬೆಂಚಿನಲ್ಲಿ ಸೇರುತ್ತಾರೆ. ಅವರಲ್ಲಿ ಒಬ್ಬರು ಈಗಾಗಲೇ ಕೊಲೊನೊಸ್ಕೋಪಿ ಮಾಡಿಸಿಕೊಂಡಿದ್ದರು. ನಿದ್ದೆ ಬಂತು, ಎದ್ದೆ, ಕ್ಯಾಂಟೀನಿನಲ್ಲಿ ಇಡ್ಲಿ ತಿಂದೆ ಎಂದು ಅವರು ಹೇಳಿದ ಮೂರು ಮಾತು ನನ್ನ ಹದಿಮೂರು ತಿಂಗಳ ಉಪದೇಶಕ್ಕಿಂತ ಹೆಚ್ಚು ಫಲ ಕೊಟ್ಟಿತು. ಆದ್ದರಿಂದ ನೀವು ಮೊದಲು ಹುಡುಕಬೇಕಾದದ್ದು ಅದೇ ವಯಸ್ಸಿನ, ಅದೇ ಬಗೆಯ ಬದುಕಿನ, ಪರೀಕ್ಷೆ ಮಾಡಿಸಿಕೊಂಡಿರುವ ಒಬ್ಬ ಗಂಡಸನ್ನು. ಭಜನಾ ಮಂಡಳಿ, ಯಕ್ಷಗಾನದ ತಂಡ, ಹೋಟೆಲಿನ ಹಳೆಯ ಜೊತೆಗಾರರು, ಎಲ್ಲಿಯಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ, ನಿಮಗೆ ವಯಸ್ಸಾಗಿದ್ದಲ್ಲಿ, ಮೊದಲು ನೀವೇ ಮಾಡಿಸಿಕೊಳ್ಳಿ.

ಎರಡನೆಯದಾಗಿ, ಮಾಡಿಸುತ್ತೀರಾ ಎಂದು ಕೇಳಬೇಡಿ, ಯಾವುದನ್ನು ಮಾಡಿಸುತ್ತೀರಿ ಎಂದು ಕೇಳಿ. ಮನೆಯಲ್ಲೇ ಮಾದರಿ ತೆಗೆದುಕೊಡುವ ಮಲಪರೀಕ್ಷೆಯನ್ನು ಪ್ರತಿವರ್ಷ, ಇಲ್ಲವೆ ಕೊಲೊನೊಸ್ಕೋಪಿಯನ್ನು ಹತ್ತು ವರ್ಷಕ್ಕೊಮ್ಮೆ. ಇದು ನನ್ನ ಊಹೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಲೊನೊಸ್ಕೋಪಿಯನ್ನು ಮಾತ್ರ ಸೂಚಿಸಿದ ಗುಂಪಿನಲ್ಲಿ ಶೇಕಡಾ 38 ಮಂದಿ ಪರೀಕ್ಷೆ ಮುಗಿಸಿದರೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದ ಗುಂಪಿನಲ್ಲಿ ಶೇಕಡಾ 69 ಮಂದಿ ಮುಗಿಸಿದರು. ನಳಿಕೆಯೊಂದೇ ದಾರಿ ಎಂದುಕೊಂಡವರು ಬಾಗಿಲಲ್ಲೇ ನಿಂತುಬಿಡುತ್ತಾರೆ.

ಆಕ್ಷೇಪಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ನನಗೇನೂ ತೊಂದರೆಯಿಲ್ಲವಲ್ಲ ಎನ್ನುವವರಿಗೆ ನಾನು ಭಾನುವಾರದ ಮೆಗಾ ಬ್ಲಾಕ್ ನೆನಪಿಸುತ್ತೇನೆ. ಓಡುತ್ತಿರುವ ರೈಲನ್ನು ನಿಲ್ಲಿಸಿ ಹಳಿ ನೋಡುವುದು ಹಳಿ ಮುರಿಯುವ ಮೊದಲೇ ತಾನೆ? ಮುಂಬಯಿಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ನಾನು ಸಸ್ಯಾಹಾರಿ, ಕುಡಿತವಿಲ್ಲ ಎನ್ನುವವರಿಗೆ ಅದು ಒಳ್ಳೆಯದೇ ಎಂದು ಒಪ್ಪಿಕೊಂಡು, ಕೆಂಪು ಮಾಂಸ, ಮದ್ಯ, ತಂಬಾಕಿನ ಜೊತೆಗೆ ಸೊಂಟದ ಸುತ್ತಳತೆ, ಸಕ್ಕರೆ ಕಾಯಿಲೆ, ದಿನವಿಡೀ ಕುಳಿತ ಕೆಲಸ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ವಯಸ್ಸು ಕೂಡ ಪಟ್ಟಿಯಲ್ಲಿವೆ ಎಂದು ತಿಳಿಸಿ. ಗೊತ್ತಾಗಿ ಏನು ಪ್ರಯೋಜನ ಎನ್ನುವವರು ಹೆಚ್ಚಾಗಿ ತಡವಾಗಿ ಪತ್ತೆಯಾದ ಒಬ್ಬರನ್ನು ಹತ್ತಿರದಿಂದ ನೋಡಿದವರು. ಅಮೆರಿಕದ ಅಂಕಿಅಂಶಗಳಲ್ಲಿ, ರೋಗ ಕರುಳಿಗೇ ಸೀಮಿತವಾಗಿದ್ದಾಗ ಪತ್ತೆಯಾದವರಲ್ಲಿ ಸುಮಾರು 90 ಶೇಕಡಾ ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ, ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಸುಮಾರು 15 ಶೇಕಡಾ. ಅವರು ನೋಡಿದ್ದು ಎರಡನೆಯದನ್ನು ಎಂದು ಮೃದುವಾಗಿ ಹೇಳಬೇಕು.

ನಾಚಿಕೆಯನ್ನು ಮಾತ್ರ ವಾದದಿಂದ ಗೆಲ್ಲಲಾಗುವುದಿಲ್ಲ. ಹಿಂದಿನಿಂದ ನಳಿಕೆ ಹಾಕುವುದು ಗಂಡಸುತನಕ್ಕೇ ಕುಂದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ನಗಬೇಡಿ, ಅವರೇ ತಮಾಷೆ ಮಾಡಿದರೆ ಮಾಡಲಿ, ಅದು ಒಪ್ಪಿಗೆಯ ಮೊದಲ ಲಕ್ಷಣ. ಹಿಂಬದಿ ತೆರೆದಿರುವ ಗೌನು ಕೊಡುತ್ತಾರೆ, ಮೇಲೆ ಚಾದರ ಹೊದಿಸುತ್ತಾರೆ, ಎಡಮಗ್ಗುಲಿಗೆ ಮಲಗಿಸಿ ನಿದ್ದೆ ಬರುವ ಔಷಧಿ ಕೊಡುತ್ತಾರೆ, ಕೋಣೆಯಲ್ಲಿ ಮೂರು ನಾಲ್ಕು ಜನರಿಗಿಂತ ಹೆಚ್ಚಿರುವುದಿಲ್ಲ ಎಂದು ನಡೆಯುವುದನ್ನು ನಡೆಯುವಂತೆಯೇ ಹೇಳಿದರೆ ಕಲ್ಪನೆಯ ಭೂತ ಅರ್ಧ ಇಳಿಯುತ್ತದೆ. ಪುರುಷ ವೈದ್ಯರೇ ಬೇಕು ಎಂದರೆ ಮೊದಲೇ ವಿಚಾರಿಸಿ ಸಮಯ ಗೊತ್ತುಮಾಡಿ.

ಡಬ್ಬಿಯ ಪರೀಕ್ಷೆ

ಮಲಪರೀಕ್ಷೆಯಲ್ಲಿ ಎರಡು ಬಗೆಗಳಿವೆ, ಇಲ್ಲಿ ಎಚ್ಚರ ಬೇಕು. ನಮ್ಮ ಬಡಾವಣೆಯ ಪ್ರಯೋಗಾಲಯವೊಂದರಲ್ಲಿ ನಾನು ಕೇಳಿದ್ದೊಂದು, ಅವರು ಮಾಡಿಕೊಟ್ಟದ್ದು ಇನ್ನೊಂದು. ಹಳೆಯ ಗ್ವಾಯಾಕ್ ಪರೀಕ್ಷೆಯಲ್ಲಿ ಕೆಂಪು ಮಾಂಸ, ವಿಟಮಿನ್ ಸಿ, ಕೆಲವು ತರಕಾರಿಗಳು, ನೋವಿನ ಮಾತ್ರೆಗಳು ಫಲಿತಾಂಶವನ್ನು ಕೆಡಿಸಬಲ್ಲವಾದ್ದರಿಂದ ಪಥ್ಯ ಬೇಕಾಗುತ್ತದೆ. ಫಿಟ್ ಎಂದು ಕರೆಯುವ ಇಮ್ಯುನೋಕೆಮಿಕಲ್ ಪರೀಕ್ಷೆಯು ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುವುದರಿಂದ ಪಥ್ಯ ಬೇಡ. ಸ್ಟೂಲ್ ಒಕಲ್ಟ್ ಬ್ಲಡ್ ಎಂದಷ್ಟೇ ಹೇಳಿದರೆ ಯಾವುದು ಬೇಕಾದರೂ ಆಗಬಹುದು. ಫಿಟ್ ವಿಧಾನವೇ ಎಂದು ಕೇಳಿ, ಬರೆಸಿಕೊಳ್ಳಿ.

ಸಂಪೂರ್ಣ ದೇಹ ತಪಾಸಣೆಯ ಪ್ಯಾಕೇಜುಗಳಲ್ಲಿ ಸಿಇಎ ಎಂಬ ರಕ್ತಪರೀಕ್ಷೆಯನ್ನು ಕರುಳಿನ ಕ್ಯಾನ್ಸರ್ ಪರೀಕ್ಷೆಯೆಂದು ಸೇರಿಸಿ ಮಾರುವುದುಂಟು. ಅದು ಚಿಕಿತ್ಸೆಯಾದವರನ್ನು ಗಮನಿಸಲು ಇರುವಂಥದ್ದು, ಆರೋಗ್ಯವಂತರ ತಪಾಸಣೆಗಲ್ಲ. ಹೊಟ್ಟೆಯ ಸೋನೋಗ್ರಫಿಯಲ್ಲೂ ಪಾಲಿಪ್ ಹುಡುಕಲಾಗುವುದಿಲ್ಲ. ಆ ಪ್ಯಾಕೇಜು ಮುಗಿಸಿ ಎಲ್ಲ ನಾರ್ಮಲ್ ಎಂದು ಬೀಗುವವರನ್ನು ಒಪ್ಪಿಸುವುದು ಏನೂ ಮಾಡಿಸದವರನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಮಾದರಿ ತೆಗೆಯುವಾಗ ಮಲವು ನೀರಿಗೆ ತಾಗಬಾರದು. ಭಾರತೀಯ ಶೈಲಿಯ ಶೌಚಾಲಯದಲ್ಲಿ ಕಾಗದದ ತಟ್ಟೆಯನ್ನೋ ದಪ್ಪ ಕಾಗದವನ್ನೋ ಇಟ್ಟುಕೊಳ್ಳಿ, ಮೊದಲೇ ಮೂತ್ರ ಮಾಡಿ ಮುಗಿಸಿ. ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿರುವ ಗೀರುಗಳುಳ್ಳ ಕಡ್ಡಿಯಿಂದ ಮಲದ ನಾಲ್ಕಾರು ಜಾಗಗಳನ್ನು ಕೆರೆದು, ಗೀರು ತುಂಬಿದರೆ ಸಾಕು, ಡಬ್ಬಿಗೆ ಸೇರಿಸಿ ಮುಚ್ಚಿ ಅಲುಗಾಡಿಸಿ. ಹೆಚ್ಚು ಹಾಕಿದರೆ ಒಳ್ಳೆಯದು ಎಂಬ ಭ್ರಮೆ ಬೇಡ. ಹೆಸರು ಮತ್ತು ದಿನಾಂಕ ಬರೆದು ಅದೇ ಬೆಳಿಗ್ಗೆ ತಲುಪಿಸಿ. ಸೆಖೆಯಲ್ಲಿ ಹಿಮೋಗ್ಲೋಬಿನ್ ಒಡೆದುಹೋಗಿ, ಇದ್ದ ರಕ್ತವೂ ಇಲ್ಲವೆಂದು ಬರಬಹುದು. ಏಪ್ರಿಲ್, ಮೇ ತಿಂಗಳ ಮುಂಬಯಿಯಲ್ಲಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ತಿರುಗುವುದು ಪರೀಕ್ಷೆಯನ್ನೇ ಕೆಡಿಸಿದಂತೆ. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವಾಗ ಈ ಪರೀಕ್ಷೆಯ ಸರದಿಯಲ್ಲ, ವೈದ್ಯರ ಸರದಿ.

ಒಮ್ಮೆ ಮಾಡಿಸಿದ ಫಿಟ್ ಇರುವ ಕ್ಯಾನ್ಸರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಪ್ರತಿವರ್ಷ ಮಾಡಿಸಬೇಕೆನ್ನುವುದು ಅದಕ್ಕೇ. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದರ್ಥವಲ್ಲ, ಬಹುಪಾಲು ಮಂದಿಯಲ್ಲಿ ಕ್ಯಾನ್ಸರ್ ಇರುವುದಿಲ್ಲ, ಆದರೆ ಕೊಲೊನೊಸ್ಕೋಪಿ ಆಗಲೇಬೇಕು. ಇನ್ನೊಮ್ಮೆ ಮಲಪರೀಕ್ಷೆ ಮಾಡಿಸೋಣ, ನೆಗೆಟಿವ್ ಬಂದರೆ ಬಿಟ್ಟುಬಿಡೋಣ ಎಂಬ ದಾರಿಯಿಲ್ಲ. ಈ ಒಪ್ಪಂದವನ್ನು ಡಬ್ಬಿ ಕೈಗೆ ಕೊಡುವ ಮೊದಲೇ ಮಾಡಿಕೊಳ್ಳಿ. ಅಪ್ಪನ ವರದಿ ಪಾಸಿಟಿವ್ ಬಂದಾಗ ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ. ಯಾವ ದಿನ ಹೋಗೋಣ ಎಂದು ಅವರೇ ಕೇಳಿದರು.

ಕೊಲೊನೊಸ್ಕೋಪಿಗೆ ಸಿದ್ಧತೆ

ಪರೀಕ್ಷೆ ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ಹಿಂದಿನ ದಿನದ ಕರುಳು ಶುದ್ಧಿಯಲ್ಲಿ, ಮುಂಬಯಿಯಲ್ಲಿ ಅದು ಇನ್ನಷ್ಟು ಕಷ್ಟ. ಆಸ್ಪತ್ರೆಯವರು ಕೊಡುವ ಮುದ್ರಿತ ಸೂಚನೆಯಲ್ಲಿ ಈ ಊರಿನ ಬದುಕು ಇರುವುದಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ದಿನ ಗೊತ್ತುಮಾಡುವಾಗಲೇ ಔಷಧಿಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ಬಿಡಿಸುತ್ತಾರೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದರೆ ಖಂಡಿತ ತಿಳಿಸಿ, ಶುದ್ಧಿಯ ಔಷಧಿಯ ಆಯ್ಕೆ ಅದರ ಮೇಲೆ ನಿಂತಿದೆ.

ಎರಡು ಮೂರು ದಿನ ಮೊದಲಿನಿಂದ ನಾರು ಕಡಿಮೆ ಮಾಡಬೇಕು. ಕೆಂಪು ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅನ್ನ. ಬಸಳೆ, ಹರಿವೆ, ಹಲಸು, ಪೇರಳೆ, ಎಳ್ಳು, ಬೀಜವಿರುವ ತರಕಾರಿ ಬೇಡ. ಇಡ್ಲಿ, ಮೊಸರನ್ನ ನಡೆಯುತ್ತದೆ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ: ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಚಹಾ, ಸೋಸಿದ ನಿಂಬೆ ಪಾನಕ. ಪುನರ್ಪುಳಿ ಶರಬತ್ತು ಬೇಡ. ಅದರ ಕೆಂಪು ಒಳಗೆ ರಕ್ತದಂತೆ ಕಾಣುತ್ತದೆ.

ಶುದ್ಧಿಯ ಔಷಧಿಯಾದ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಅರ್ಧ ಭಾಗವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿಯುವ ಕ್ರಮ ಒಳ್ಳೆಯದು. ಎಲ್ಲವನ್ನೂ ಸಂಜೆಯೇ ಮುಗಿಸುವುದಕ್ಕಿಂತ ಕರುಳು ಹೆಚ್ಚು ಶುದ್ಧವಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟ ಕುಡಿದರೆ ವಾಕರಿಕೆ ಕಡಿಮೆ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿಹಳದಿಯಾದಾಗ ಶುದ್ಧಿ ಮುಗಿಯಿತು ಎಂದು ತಿಳಿಯಬೇಕು.

ಈಗ ಶೌಚಾಲಯದ ಪ್ರಶ್ನೆ. ಒಂದು ರಾತ್ರಿಯಲ್ಲಿ ಹತ್ತು ಹದಿನೈದು ಸಲ ಹೋಗಬೇಕಾಗುತ್ತದೆ. ಚಾಳಿನ ಗ್ಯಾಲರಿಯ ಕೊನೆಯಲ್ಲಿರುವ ಸಾಮೂಹಿಕ ಶೌಚಾಲಯದಲ್ಲಿ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಎಂಟು ಜನರೊಂದಿಗೆ ಇರುವವರು ಇದನ್ನು ಹೇಗೆ ಮಾಡುತ್ತಾರೆ? ಮಾಡುವುದಿಲ್ಲ, ಬೇರೇನೋ ನೆಪ ಹೇಳಿ ದಿನವನ್ನು ಮುಂದೂಡುತ್ತಾರೆ. ಅಂಥವರಿಗೆ ಒಂದು ರಾತ್ರಿಯ ಮಟ್ಟಿಗೆ ನೆಂಟರ ಫ್ಲ್ಯಾಟಿನಲ್ಲಿ ಪ್ರತ್ಯೇಕ ಬಚ್ಚಲಿರುವ ಕೋಣೆಯನ್ನು ಗೊತ್ತುಮಾಡಿ, ಇಲ್ಲವೆ ಹಿಂದಿನ ದಿನವೇ ದಾಖಲಿಸಿಕೊಂಡು ಶುದ್ಧಿ ಮಾಡಿಸುವ ಸೌಲಭ್ಯವಿದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಫ್ಲ್ಯಾಟಿನಲ್ಲಿಯೂ ನಲ್ಲಿಯ ನೀರು ಬರುವುದು ಗೊತ್ತಾದ ಹೊತ್ತಿಗಷ್ಟೇ ಆದರೆ ಡ್ರಮ್ಮು, ಬಕೆಟು ತುಂಬಿಸಿಡಿ.

ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ ಎಂಬುದನ್ನು ಎಲ್ಲರೂ ಬಲ್ಲರು, ಆದರೆ ಬೆಳಿಗ್ಗೆ ಎಂಟರ ಸಮಯ ತೆಗೆದುಕೊಳ್ಳುವಾಗ ಮರೆತುಬಿಡುತ್ತಾರೆ. ಎರಡನೆಯ ಭಾಗದ ಔಷಧಿ ಕುಡಿದು ವಿರಾರಿನಿಂದಲೋ ಡೊಂಬಿವಲಿಯಿಂದಲೋ ಆಸ್ಪತ್ರೆಗಳಿರುವ ಪರೇಲಿಗೆ ಹೊರಡುವುದು ಆಗದ ಮಾತು. ಮಧ್ಯಾಹ್ನದ ಸಮಯ ಕೇಳಿ, ಔಷಧಿಯನ್ನು ಮುಂಜಾನೆಯೇ ಮುಗಿಸಿ, ಎರಡು ಮೂರು ಗಂಟೆ ಬಿಟ್ಟು ಟ್ಯಾಕ್ಸಿಯಲ್ಲಿ ಹೊರಡಿ. ಅಥವಾ ಹಿಂದಿನ ರಾತ್ರಿ ಆಸ್ಪತ್ರೆಯ ಹತ್ತಿರದಲ್ಲಿಯೇ ಉಳಿಯಿರಿ. ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಜುಲೈ, ಆಗಸ್ಟಿನಲ್ಲಿ ಹಳಿಯ ಮೇಲೆ ನೀರು ನಿಲ್ಲುವ ದಿನಗಳನ್ನೂ, ಊರಿಗೆ ಹೊರಡುವ ಗಣೇಶ ಚೌತಿಯ ವಾರವನ್ನೂ ತಪ್ಪಿಸಿ.

ಜೊತೆಗೊಬ್ಬರು ಇರಲೇಬೇಕು. ನಿದ್ದೆಯ ಔಷಧಿ ಕೊಟ್ಟ ಮೇಲೆ ಮರುದಿನದವರೆಗೆ ವಾಹನ ಓಡಿಸಬಾರದು, ಒಬ್ಬರನ್ನೇ ಮನೆಗೂ ಕಳುಹಿಸುವುದಿಲ್ಲ. ಅಪಾಯವಿಲ್ಲವೇ ಎಂದು ಕೇಳಿದರೆ, ಇದೆ ಎಂದೇ ಹೇಳಿ: ಕರುಳಿಗೆ ತೂತಾಗುವುದು ಹತ್ತು ಸಾವಿರ ಪರೀಕ್ಷೆಗಳಲ್ಲಿ ಕೆಲವೇ ಸಲ, ಗಮನಾರ್ಹ ರಕ್ತಸ್ರಾವ ಹತ್ತು ಸಾವಿರದಲ್ಲಿ ಹದಿನೈದು ಇಪ್ಪತ್ತು ಸಲ. ಮನೆಗೆ ಬಂದ ಮೇಲೆ ಹೊಟ್ಟೆನೋವು ಏರುತ್ತ ಹೋದರೆ, ಜ್ವರ ಬಂದರೆ, ರಕ್ತ ಹೋಗುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಮರಳಬೇಕು.

ವರದಿಯಲ್ಲಿ ನೋಡಬೇಕಾದದ್ದು

ನಾರ್ಮಲ್ ಎಂಬ ಪದವೊಂದನ್ನೇ ನೋಡಿ ಫೈಲು ಮುಚ್ಚಬೇಡಿ. ನಳಿಕೆ ದೊಡ್ಡ ಕರುಳಿನ ಆರಂಭದ ಭಾಗವಾದ ಸೀಕಮ್‌ವರೆಗೆ ತಲುಪಿತೇ, ಅದರ ಚಿತ್ರ ಇದೆಯೇ, ಕರುಳು ಎಷ್ಟು ಶುದ್ಧವಾಗಿತ್ತು ಎಂದು ಬರೆದಿದ್ದಾರೆಯೇ ಎಂಬ ಮೂರನ್ನು ನೋಡಿ. ಶುದ್ಧಿ ಸಾಲದಿದ್ದರೆ ಹತ್ತು ವರ್ಷದ ಲೆಕ್ಕ ನಡೆಯುವುದಿಲ್ಲ, ಬೇಗ ಪುನಃ ಮಾಡಿಸಬೇಕಾಗುತ್ತದೆ. ಪಾಲಿಪ್ ತೆಗೆದಿದ್ದರೆ ಬಯಾಪ್ಸಿಯ ವರದಿ ಕೆಲವು ದಿನಗಳ ನಂತರ ಬೇರೆಯಾಗಿ ಬರುತ್ತದೆ; ಅದನ್ನು ತರಲು ಮರೆಯುವವರು ಬಹಳ. ಅಪ್ಪನಿಗೆ ಎರಡು ಪಾಲಿಪ್ ಸಿಕ್ಕವು, ಒಂದು 12 ಮಿಲಿಮೀಟರಿನದು. 10 ಮಿಲಿಮೀಟರಿಗಿಂತ ದೊಡ್ಡ ಅಡೆನೋಮ (ಮುಂದೆ ಕ್ಯಾನ್ಸರ್ ಆಗಬಲ್ಲ ಬಗೆಯ ಪಾಲಿಪ್) ಆದ್ದರಿಂದ ಮೂರು ವರ್ಷಕ್ಕೆ ಮತ್ತೆ ಬರಬೇಕೆಂದರು. ಸಣ್ಣದು ಒಂದೆರಡು ಮಾತ್ರ ಆಗಿದ್ದರೆ ಏಳರಿಂದ ಹತ್ತು ವರ್ಷ ಸಿಗುತ್ತಿತ್ತು.

ಖರ್ಚು, ರಜೆ, ಸಂಘ

ಕೆಇಎಂ, ಸಾಯನ್, ನಾಯರ್ ಮೊದಲಾದ ಪಾಲಿಕೆಯ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ, ಕಾಯುವಿಕೆ ಹೆಚ್ಚು. ರೋಗಲಕ್ಷಣವಿಲ್ಲದ ತಪಾಸಣೆಗೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮುಂಜಾಗ್ರತಾ ತಪಾಸಣೆಗೆ ಆದಾಯ ತೆರಿಗೆಯ ಕಡಿತವಾಗಿ 5,000 ರೂಪಾಯಿವರೆಗೆ ತೋರಿಸಬಹುದು.

ಹೋಟೆಲಿನ ಮಾಲೀಕರಿಗೆ ಒಂದು ಮಾತು. ನಿಮ್ಮಲ್ಲಿ 45 ದಾಟಿದ ಭಟ್ಟರು, ಮ್ಯಾನೇಜರು, ಗಲ್ಲಾದವರು ಇದ್ದರೆ, ಸಂಬಳ ಕಡಿತವಿಲ್ಲದ ಎರಡು ದಿನ ರಜೆ ಮತ್ತು ಒಂದು ರಾತ್ರಿಯ ಕೋಣೆ, ಇವಿಷ್ಟೇ ಅವರಿಗೆ ಬೇಕಾದದ್ದು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘದಿಂದ ಹಿಡಿದು ಉಪನಗರದ ಚಿಕ್ಕ ಮಂಡಳಿಗಳವರೆಗೆ ನಮಗೆ ಈ ನಗರದಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಆರೋಗ್ಯ ಶಿಬಿರವೆಂದರೆ ರಕ್ತದೊತ್ತಡ, ಸಕ್ಕರೆ, ಕಣ್ಣು ಎಂಬ ರೂಢಿ ಬಿಟ್ಟು ಫಿಟ್ ಡಬ್ಬಿಯನ್ನು ಕೈಗೆ ಕೊಟ್ಟು ಕಳುಹಿಸಬಹುದು. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯು ಡಬ್ಬಿಗಳನ್ನು ಮನೆಗೆ ಕಳುಹಿಸತೊಡಗಿದ ಮೇಲೆ, 2000ದಲ್ಲಿ ಶೇಕಡಾ 39ರಷ್ಟಿದ್ದ ತಪಾಸಣೆ 2015ರ ಹೊತ್ತಿಗೆ ಶೇಕಡಾ 83ಕ್ಕೆ ಏರಿ, ಈ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಡಬ್ಬಿ ಹಂಚುವ ಮೊದಲು ಪಾಸಿಟಿವ್ ಬಂದವರ ಕೊಲೊನೊಸ್ಕೋಪಿ ಎಲ್ಲಿ, ಯಾರ ಜೊತೆ, ಯಾವ ಖರ್ಚಿನಲ್ಲಿ ಎಂಬುದನ್ನು ಗೊತ್ತುಮಾಡದಿದ್ದರೆ ಶಿಬಿರ ನಡೆಸದಿರುವುದೇ ಲೇಸು. ದಾರಿ ತೋರಿಸದೆ ಹೆದರಿಸಿ ಕಳುಹಿಸಿದ ಗಂಡಸು ಎರಡನೆಯ ಸಲ ಸಿಗುವುದಿಲ್ಲ.

ಮುಂದಿನ ದಿನಾಂಕವನ್ನು ಫೈಲಿನಲ್ಲಲ್ಲ, ಗೋಡೆಯ ಪಂಚಾಂಗದಲ್ಲಿ ಬರೆಯಿರಿ. ಅಪ್ಪ ಈಗ ಪ್ರತಿ ಯುಗಾದಿಗೆ ಹೊಸ ಪಂಚಾಂಗ ತೂಗುಹಾಕುವಾಗ ಆ ಗುರುತನ್ನು ತಾವೇ ಹಳೆಯದರಿಂದ ಹೊಸದಕ್ಕೆ ವರ್ಗಾಯಿಸುತ್ತಾರೆ. ಅವರ ದೊಡ್ಡ ಪಾಲಿಪಿನಿಂದಾಗಿ 40 ದಾಟಿದ ನನ್ನ ಹೆಸರೂ ಅದರ ಪಕ್ಕದಲ್ಲಿ, ವರ್ಷಕ್ಕೊಂದು ಡಬ್ಬಿಯ ಲೆಕ್ಕದಲ್ಲಿ, ಸೇರಿಕೊಂಡಿದೆ.